ವಾಲ್ವಿಗೆ ತೊಡಿಸಿದ ಸ್ವೆಟರ್ ತೋಳು

ಕೋಲಾರ
9 ಮೇ 2025

ಪ್ರೀತಿಯ ವಾಣಿ,

ನನ್ನ ಸ್ಪ್ಯಾನರ್ ಮುಟ್ಟಿ ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತೇನೆ: ನೀನು ನನಗೆಂದು ಹೆಣೆಯುತ್ತ ಅರ್ಧಕ್ಕೆ ಬಿಟ್ಟುಹೋದ ಸ್ವೆಟರಿನ ಎಡತೋಳನ್ನು ಕತ್ತರಿಸಿದ ಅಪರಾಧಿ ನಾನೇ. ಫೋನು ನೀನು ಎತ್ತುವುದಿಲ್ಲ. ಕಾಗದ ಬರೆಯಲು ನನಗೆ ಮೂರು ವಾರ ಬೇಕಾಯಿತು. ಬೇಸಿಗೆಯಲ್ಲಿ ಊರನ್ನೆಲ್ಲ ಕೂಲ್ ಮಾಡಿ ಕೂಲಿ ಪಡೆಯುವವನಿಗೆ ಗೌನಿಪಲ್ಲಿಯ ನಿನ್ನ ತವರಿಗೆ ಬರಲು ಪುರುಸೊತ್ತೆಲ್ಲಿ? ಅತ್ತೆ, ಮಾವ, ತೋಟದ ಮಾವು ಎಲ್ಲ ಕ್ಷೇಮ ತಾನೆ?

ತೋಳಿನ ಕಥೆ ಕೇಳು. ಹುತ್ತೂರಿನ ಭಾರತಮ್ಮ ರೇಷ್ಮೆಹುಳುವಿನ ಮರಿ ಸಾಕಿ ರೈತರಿಗೆ ಕೊಡುತ್ತಾರಲ್ಲ, ಹೊಸ ಬ್ಯಾಚಿಗೆಂದು ಅವರು ಮೊನ್ನೆ ಚಾಲೂ ಮಾಡಿದ ಏಸಿ ಕಟಕಟ ಎನ್ನತೊಡಗಿತು. ಕಂಪ್ರೆಸರಿನವರೆಗೂ ಪೈಪಿಗೆ ಮಂಜು, ಕೋಣೆಯಲ್ಲಿ ಮಾತ್ರ ಸೆಖೆ. "ಹುಳ ಸೊಪ್ಪು ಮುಟ್ತಿಲ್ಲ ಸ್ವಾಮಿ," ಎಂದು ಬಾಗಿಲಲ್ಲೇ ಹಿಡಿದರು.

ಏಸಿಯೊಳಗೆ ಎಕ್ಸ್‌ಪಾನ್ಷನ್ ವಾಲ್ವ್ ಎಂಬ ಪುಟ್ಟ ದ್ವಾರಪಾಲಕನಿದ್ದಾನೆ. ಒತ್ತಡದಲ್ಲಿ ಬರುವ ದ್ರವವನ್ನು ಸಣ್ಣ ಸಂದಿಯಲ್ಲಿ ಬಿಡುತ್ತಾನೆ. ಆಚೆಗೆ ಒತ್ತಡ ಇಳಿದದ್ದೇ ಅದು ಕುದಿದು ತಣ್ಣಗಾಗುತ್ತದೆ. ಕುದಿದೂ ತಣ್ಣಗಾಗುವ ವಿದ್ಯೆ ನಮ್ಮಿಬ್ಬರಿಗೆ ಬರಲಿಲ್ಲ ನೋಡು. ಎಷ್ಟು ಬಿಡಬೇಕೆಂದು ಹೇಳುವುದು, ಕೋಣೆ ತಣಿಸುವ ಕಾಯಿಲಿನಿಂದ ಹೊರಡುವ ಪೈಪಿಗೆ ಕಟ್ಟಿದ ಬೆರಳುದ್ದದ ಬಲ್ಬು. ಉರಿಯುವ ಬಲ್ಬಲ್ಲ, ಉಬ್ಬುವ ಬಲ್ಬು. ಪೈಪು ಬೆಚ್ಚಗಾದರೆ ಒಳಗಿನ ಅನಿಲ ಉಬ್ಬಿ ವಾಲ್ವನ್ನು ತೆರೆಸುತ್ತದೆ; ತಣ್ಣಗಾದರೆ ಮುಚ್ಚಿಸುತ್ತದೆ. ಹೊರಗಾಳಿ ತಾಕದಂತೆ ಅದಕ್ಕೊಂದು ಹೊದಿಕೆ ಬೇಕು. ಇಲ್ಲಿ ಬಲ್ಬು ಬೆತ್ತಲೆ. ಕೋಣೆಯ ಬಿಸಿಯನ್ನೇ ಪೈಪಿನ ಬಿಸಿಯೆಂದು ನಂಬಿ ವಾಲ್ವನ್ನು ಪೂರ್ತಿ ತೆರೆಸಿತ್ತು. ಹೆಚ್ಚಾದ ದ್ರವ ಕುದಿಯದೆ ಕಂಪ್ರೆಸರಿಗೇ ನುಗ್ಗುತ್ತಿತ್ತು.

"ಬ್ಯಾಚ್ ಬ್ಯಾಚಿಗೂ ಬ್ಲೀಚಿಂಗ್ ಹಾಕಿ ತೊಳೀತೀರಲ್ಲ, ಹೊದಿಕೆ ನೀವೇ ಕಿತ್ತಿರಬೇಕು," ಎಂದೆ.

"ತೊಳ್ದಿದ್ದು ತಟ್ಟೆ, ಗೋಡೆ. ನಿಮ್ಮ ಪೈಪಿನ ತಂಟೆ ನನಗ್ಯಾಕೆ?"

ಗಾಡಿಯ ಡಿಕ್ಕಿಯಲ್ಲಿ ನಿನ್ನ ನೆನಪಿಗೆಂದು ಇಟ್ಟುಕೊಂಡ ಸ್ವೆಟರಿತ್ತು. ತೋಳು ಬಲ್ಬಿಗೆ ಸುತ್ತಿ, ಮೇಲೆ ಟೇಪು ಬಿಗಿದೆ. ಸಂಜೆಗೆ ಕೋಣೆ ತಣ್ಣಗಾಯಿತು. ಹುಳು ಸೊಪ್ಪಿಗೆ ಬಾಯಿ ಹಾಕಿದವು.

ಹೋಗುವಾಗ ನೀನು, "ತಪ್ಪು ನಂದು ಅಂತ ಒಂದ್ಸಲ ನಿಮ್ಮ ಬಾಯಲ್ಲಿ ಬರ್ಲಿ, ಆಮೇಲೆ ಬರ್ತೀನಿ," ಎಂದೆಯಲ್ಲ. ಒಂದೇ ನೋಟಕ್ಕೆ ಪರರ ತಪ್ಪು ಹಿಡಿಯುವವನಿಗೆ ಸ್ವಂತದ್ದೊಂದು ಮಾಡಲು ಅವಕಾಶವೇ ಸಿಗುತ್ತಿಲ್ಲ ಕಣೇ.

ನೂರು ಕಾಲ ನಗುತ್ತಿರು.

ನಿನ್ನ
ವೇಣುಗೋಪಾಲ್

ತಾ.ಕ.: ಅಂಚೆಗೆ ಹಾಕುವ ಮುನ್ನ, ಒಗೆಯಲೆಂದು ಹಳೆಯ ಅಂಗಿಯ ಜೇಬು ತಡವಿದೆ. ಕರಿ ಫೋಮಿನ ಹೊದಿಕೆ, ಅದಕ್ಕಂಟಿದ ಗೌನಿಪಲ್ಲಿ ಬಸ್ಸಿನ ಟಿಕೆಟ್ಟು. ನೀನು ಹೋದ ನಾಲ್ಕನೇ ದಿನ ಭಾರತಮ್ಮನ ಏಸಿ ಸರ್ವೀಸಿಗೆ ಬಿಚ್ಚಿದವನು, ಹೊದಿಕೆ ಸುತ್ತುವುದನ್ನೂ ಮರೆತು ಬಸ್ಸು ಹತ್ತಿದ್ದೆ. ನಿಮ್ಮ ಗೇಟಿನವರೆಗೆ ಬಂದೆ. ಒಳಗೆ ನಿನ್ನ ದನಿ ಕೇಳಿತು. ಕರೆಯುವ ಧೈರ್ಯವಾಗದೆ ಹಿಂದಿರುಗಿದೆ. ಪುರುಸೊತ್ತಿಲ್ಲ ಎಂದದ್ದು ಸುಳ್ಳು.

ಈಗಷ್ಟೇ ಹುತ್ತೂರಿಗೆ ಹೋಗಿ, "ತಪ್ಪು ನಂದು," ಎಂದು ಹೇಳಿ ಬಂದೆ.

"ಇಷ್ಟು ಹೇಳೋಕೆ ಇಲ್ಲೀಗಂಟ ಬಂದ್ರಾ?" ಎಂದರು ಭಾರತಮ್ಮ.

"ಗೌನಿಪಲ್ಲೀಲೂ ಹೇಳ್ಬೇಕು. ಅಭ್ಯಾಸ ಆಗ್ಲಿ ಅಂತ," ಎಂದೆ.