ಆಮೆನ್ ಆದಮೇಲಿನ ಸಾಲು

ತಮ್ಮ ಇನ್ನಾಸಪ್ಪನಿಗೆ,

ಹೊನ್ನಾಳಿಯಿಂದ ಜಗಳೂರಿನವರೆಗಿನ ಕ್ರೈಸ್ತರನ್ನೆಲ್ಲ ಒಂದುಗೂಡಿಸಿದವನು ನಿನ್ನ ಅಣ್ಣನೇ. ಫಾದರೂ ಪಾಸ್ಟರೂ ಪಕ್ಕದಲ್ಲಿ ನಿಂತಿದ್ದರು, ಅಷ್ಟೇ. ನೀನು ತೀರಿಕೊಂಡು ಎರಡು ವರ್ಷವಾಯಿತು, ಇಲ್ಲವೆನ್ನಲು ನೀನಿಲ್ಲ.

ಭಾನುವಾರ ನ್ಯಾಮತಿಯಲ್ಲಿ, ನೀನು ನಮ್ಮ ಕಥೋಲಿಕ ಚರ್ಚು ಬಿಟ್ಟು ಸೇರಿದ್ದ ಪ್ರೊಟೆಸ್ಟೆಂಟ್ ಸಭೆಯಲ್ಲೇ, ಎರಡೂ ಕಡೆಯವರ ಐಕ್ಯತಾ ಪ್ರಾರ್ಥನೆ ಇತ್ತು. ನಿನ್ನ ಹೆಂಡತಿ, ಮಗಳು ಜಾಗ ಕೊಡುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತಿದ್ದೆ. ಮಗಳು ಎಸ್ತರ್ ಸರಿದು ಕೂತಳು.

ಕರ್ತನ ಪ್ರಾರ್ಥನೆ ನಮ್ಮಲ್ಲಿ ಬೇಗ ಮುಗಿಯುತ್ತದೆ, ನಿಮ್ಮವರು ಕೊನೆಗೆ ಒಂದು ಸಾಲು ಹೆಚ್ಚು ಹೇಳುತ್ತಾರೆ. ನಮ್ಮವರೆಲ್ಲ ಅದನ್ನು ನೆನಪಿಟ್ಟು ಸುಮ್ಮನಿದ್ದರು. ನಾನೊಬ್ಬನೇ ಆ ಸಾಲಿಗೂ ಮೊದಲೇ ಗಂಟಲು ಬಿಚ್ಚಿ "ಆಮೆನ್" ಎಂದುಬಿಟ್ಟೆ.

ಹೊರಗೆ ಬಂದಾಗ ಎಸ್ತರ್, "ಅದ್ಯಾಕ್ರೀ ದೊಡ್ಡಪ್ಪಾ ಅಷ್ಟು ಅವಸರ? ಬಸ್ ಹಿಡಿಯಾಕಿತ್ತಾ?" ಎಂದಳು.

"ನಿಮ್ಗೆ ನೆನಪೈತೋ ಇಲ್ವೋ ಅಂತ ಪರೀಕ್ಷೆ ಮಾಡಿದೆ ಕಣೆ."

"ಹಂಗಾದ್ರೆ ಆ ಸಾಲು ನೀವೇ ಹೇಳ್ರಿ ಭಾವ, ನೋಡಾಣ," ಎಂದಳು ನಿನ್ನ ಹೆಂಡತಿ.

ಒಂದಕ್ಷರ ತಪ್ಪದೆ ಹೇಳಿದೆ. ಇಬ್ಬರೂ ಬೆರಗಾದರು. ಅದನ್ನು ನೀನು ಮನೆಯಲ್ಲಿ ಹೇಳಿದ ದಿನ ನಿನ್ನನ್ನು ಉಣ್ಣುವ ತಟ್ಟೆಯಿಂದ ಎಬ್ಬಿಸಿದ್ದೆನಲ್ಲ, ಅಂದಿನಿಂದ ನನಗದು ಬಾಯಿಪಾಠ.

ಆಮೇಲೆ ಬಿಡದೆ ಮನೆಗೆ ಕರೆದೊಯ್ದು ಮುದ್ದೆ, ಕೋಳಿಸಾರು ಬಡಿಸಿದರು. ಎರಡು ಸಲ ಹಾಕಿಸಿಕೊಂಡೆ. ನಮ್ಮಿಬ್ಬರ ಮುನಿಸು ನಾಲ್ಕೈದು ವರ್ಷದ್ದೆಂದು ಊರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಿನ್ನ ಫೋಟೋ ಎದುರಿಗೇ ಇತ್ತು, ಉಣ್ಣುತ್ತಾ ಸರಿಯಾಗಿ ಲೆಕ್ಕ ಹಾಕಿದೆ. ನೀನು ಹೋಗುವ ಹೊತ್ತಿಗೆ ಹತ್ತೊಂಬತ್ತು ವರ್ಷವಾಗಿತ್ತು ಕಣಪ್ಪಾ.

ನಿನ್ನ ಅಣ್ಣ,
ಚಿನ್ನಪ್ಪ