ಪರೀಕ್ಷೆಗೇ ಕೂರದ ಮಾತ್ರೆ

ರೀ,

ನೀವು ಏಳುವಷ್ಟರಲ್ಲಿ ನಾನು ಬೇಕರಿಯಲ್ಲಿರುತ್ತೇನೆ. ಚಹಾ ಫ್ಲಾಸ್ಕಿನಲ್ಲಿದೆ. ಬಿ.ಪಿ.ಯ ಹೊಸ ಮಾತ್ರೆ ಮಾತ್ರ ಈಗ ನುಂಗಬೇಡಿ. ಹೌದು, ನಾನೇ ಹೇಳುತ್ತಿರುವುದು, ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿ.

ನಿನ್ನೆ ಗೋಡೆಗೆ ಬಣ್ಣ ಬಳಿಯುವಾಗ ಏಣಿಯ ಮೇಲೆ ನಿಮಗೆ ತಲೆ ಸುತ್ತಿದ್ದು ಬಿಸಿಲಿಗಲ್ಲ. ಸಂಜೆ ನಿಮ್ಮ ಬ್ರಷ್ಷಿನ ಡಬ್ಬಿ ತೊಳೆಯಲು ಹೋದರೆ, ತಳದಲ್ಲಿ ಹಳೆಯ ಮಾತ್ರೆಗಳು ಒಂದು ಮುಷ್ಟಿ ಸಿಕ್ಕವು. "ನುಂಗಿದೆ ಕಣೇ" ಅಂತ ದಿನಾ ಬಾಯಿ ತೆರೆದು ತೋರಿಸುತ್ತಿದ್ದಿರಲ್ಲ, ಎಂಥ ನಟ ನೀವು. ಪಾಪ ಡಾಕ್ಟರು, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಡಬಲ್ ಪವರಿನದು ಬರೆದುಕೊಟ್ಟರು. ಪರೀಕ್ಷೆಗೇ ಕೂರದ ಮಾತ್ರೆಯನ್ನು ಫೇಲ್ ಮಾಡಿಸಿದಿರಿ. ನಿನ್ನೆ ಬೆಳಗ್ಗೆ ನಾನು ಎದುರಿಗೇ ನಿಂತು ಹೊಸದನ್ನು ನಿಜವಾಗಿ ನುಂಗಿಸಿದೆನಲ್ಲ, ಬಿ.ಪಿ. ಪಾತಾಳಕ್ಕೆ ಇಳಿದಿರಬೇಕು.

ಕ್ಲಿನಿಕ್ಕಿನ ನರ್ಸಮ್ಮನಿಗೆ ಫೋನ್ ಮಾಡಿದ್ದೆ. "ಬೆಳಗ್ಗೆ ಅದನ್ನ ಕೊಡ್ಬೇಡಿ, ಮೊದ್ಲು ಕರ್ಕೊಂಡು ಬನ್ನಿ, ಡಾಕ್ಟರು ನೋಡ್ಲಿ" ಅಂದರು. ಸ್ಕೂಟರ್ ಮುಟ್ಟಬೇಡಿ, ನಿಮ್ಮ ತಮ್ಮ ಹತ್ತಕ್ಕೆ ಬಂದು ಕರೆದುಕೊಂಡು ಹೋಗುತ್ತಾನೆ. ನಾನು ಬೇಕರಿಯಿಂದ ನೇರ ಬಂದು ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತಿರುತ್ತೇನೆ. ಡಾಕ್ಟರ ಹತ್ತಿರ ನಿಜ ಹೇಳಿಬಿಡಿ. ನಾಚಿಕೆಯಾದರೆ ತಲೆ ತಗ್ಗಿಸಿ ಕೂತಿರಿ, ಬಾಯಿ ನನಗಿದೆ.

ಈಗ ಹೊರಡುವಾಗ ನಿಮ್ಮ ಗೊರಕೆ ನಿಂತಂತಾಯಿತು. ಚಪ್ಪಲಿ ಬಿಟ್ಟು ಓಡಿಬಂದು ನಿಮ್ಮ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಅಷ್ಟರಲ್ಲಿ ಮತ್ತೆ ಶುರುವಾಯಿತು. ಮದುವೆಯಾದಾಗಿನಿಂದ ಮೊದಲ ಸಲ, ಆ ಸದ್ದು ಕೇಳಿ ನನಗೆ ಹಾಯೆನಿಸಿತು.