ಸುವ್ವಿಯ ಗೆರೆ ಎಳೆದ ದಿನ

ಬೆಟಗೇರಿ
ಫೆಬ್ರವರಿ ೩೧, ೨೨೧೪

ಅಂಗನವಾಡಿಯ ಅಕ್ಕೋರಿಗೆ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಾವು ತಿಂಗಳುಗಳಿಗೆ ದಿನಗಳನ್ನು ಹೊಸದಾಗಿ ಹಂಚಿಕೊಂಡಿದ್ದೇವೆ, ಫೆಬ್ರವರಿಗೂ ಮೂವತ್ತೊಂದು ದಿನ ಸಿಕ್ಕಿದೆ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನನ್ನ ಹೆಸರು ನೀಲಾಂಬಿಕಾ ಕುರಹಟ್ಟಿ, ವಯಸ್ಸು ಅರವತ್ತೆಂಟು. ಮೂವತ್ತೊಂದು ವರ್ಷ ಗೆರೆಗಾರ್ತಿಯಾಗಿದ್ದೆ. ನಮ್ಮಲ್ಲಿ ಮಗುವಿಗೆ ನಾಲ್ಕು ತುಂಬಿದ ವಾರ ಗೆರೆದಿನ ಬರುತ್ತದೆ. ಒಂಟಿಗಾಲಲ್ಲಿ ನಿಲ್ಲುತ್ತದೆಯೇ, ದುಂಡಗೆ ಸೊನ್ನೆ ಬರೆಯುತ್ತದೆಯೇ, ಹೆಸರು ಹೇಳುತ್ತದೆಯೇ, ನಾಲ್ಕು ಮಾತು ಕೂಡಿಸಿ ಆಡುತ್ತದೆಯೇ ಎಂದು ಗೆರೆಗಾರ್ತಿ ನೋಡಿ, ಆ ಮಗುವಿನ ಬೆಳವಣಿಗೆಯ ಗೆರೆ ಎಳೆಯುತ್ತಾಳೆ. ಗೆರೆ ಕೆಳಗಿಳಿದರೆ ಮಗು ತಿದ್ದುಮನೆ ಎಂಬ ವಸತಿ ಶಾಲೆಗೆ ಹೋಗಬೇಕು. ಮೂರು ವರ್ಷ ಅಲ್ಲೇ ವಾಸ, ಹೆತ್ತವರಿಗೆ ತಿಂಗಳಿಗೊಂದು ಭೇಟಿ. ಇದು ಕ್ರೂರವೆಂದು ನಮಗೆ ಅನ್ನಿಸಿರಲಿಲ್ಲ. ಹಿಂದೆ ಬೀಳುವ ಮಕ್ಕಳನ್ನು ಬೇಗ ಗುರುತಿಸಿ ಕೈ ಹಿಡಿಯಬೇಕೆಂಬ ಒಳ್ಳೆಯ ಆಸೆಯಿಂದಲೇ ಇದು ಶುರುವಾಗಿತ್ತು.

ನಮ್ಮ ಬಿಸಿಲನ್ನು ನೀವು ಕಂಡಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೀದಿಬೀದಿಗೂ ಬಟ್ಟೆಯ ಚಪ್ಪರ ಎಳೆಯುತ್ತಾರೆ, ಆಮೇಲೆ ಮಕ್ಕಳು ಹೊರಗೆ ತಿರುಗುವಂತಿಲ್ಲ. ಹಾಗಾಗಿ ಆರರಿಂದ ಒಂಬತ್ತರೊಳಗೆ ನಾನು ಹನ್ನೆರಡು ಮಕ್ಕಳನ್ನು ನೋಡಿ ಮುಗಿಸಬೇಕಿತ್ತು. ಒಂದು ಮಗುವಿಗೆ ಹದಿನೈದು ನಿಮಿಷ.

ಹದಿನೇಳು ವರ್ಷದ ಹಿಂದೆ, ಅಂಥದೊಂದು ಬೆಳಿಗ್ಗೆ ಕೊನೆಯ ಸರದಿಯಲ್ಲಿ ಸುವ್ವಿ ಬಂದಳು. ಅವಳ ತಾಯಿ ಶಿವಲೀಲಾ ಚಪ್ಪರದ ಬಟ್ಟೆ ನೇಯುವವಳು. ನಾನು ಹೆಸರು ಕೇಳಿದೆ. ಮಗು ನನ್ನ ಚಪ್ಪಲಿ ನೋಡುತ್ತ ನಿಂತಿತು. ಪೆನ್ಸಿಲ್ ಕೊಟ್ಟೆ. ಮುಷ್ಟಿಯಲ್ಲಿ ಹಿಡಿದು ಒತ್ತಿ ಕಾಗದ ತೂತು ಮಾಡಿತು. ಒಂದು ಕಾಲೆತ್ತು ಅಂದರೆ ತಾಯಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಿತು.

"ಆಕಿಗೆ ಮಾತು ಬರ್ತಾವ್ರಿ ಅಕ್ಕೋರ," ಎಂದಳು ಶಿವಲೀಲಾ. "ಹೊಸಬ್ರ ಮುಂದ ಬಾಯಿ ಬಿಡೂದಿಲ್ಲ, ಅಷ್ಟ. ನಾಳಿ ಇನ್ನೊಮ್ಮೆ ನೋಡ್ರಿ."

"ನಾಳಿಗೆ ಬ್ಯಾರೆ ಹನ್ನೆರಡು ಮಕ್ಕಳದಾವವ್ವಾ," ಎಂದು ನಾನು ಗೆರೆಯನ್ನು ಕೆಳಕ್ಕೆ ಎಳೆದೆ.

ಕೆಲಸ ಮುಗಿಸಿ ನೀರು ಕುಡಿಯಲು ಹಿತ್ತಲಿಗೆ ಹೋದೆ. ಶಿವಲೀಲಾ ಒಳಗೆ ತಿದ್ದುಮನೆಯ ಕಾಗದಗಳಿಗೆ ಸಹಿ ಹಾಕುತ್ತಿದ್ದಳು. ನೀರಿನ ತೊಟ್ಟಿಯ ಮಗ್ಗುಲಲ್ಲಿ ಸುವ್ವಿ ಒಬ್ಬಳೇ ಕೂತು, ಟವೆಲ್ ಸುತ್ತಿದ ಇಟ್ಟಿಗೆ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣಿನ ತುತ್ತು ಕೊಡುತ್ತಿದ್ದಳು.

"ಅಳಬ್ಯಾಡ ನನ್ನವ್ವಾ," ಎನ್ನುತ್ತಿದ್ದಳು. "ಆ ಅಕ್ಕೋರು ಕೇಳಾಕಷ್ಟ ಬಂದಾರ, ಬಡಿಯಾಕ ಬಂದಿಲ್ಲ. ಅಂಜಿಕಿ ಆದ್ರ ನೀ ಏನೂ ಹೇಳಬ್ಯಾಡ. ನಾ ಅದೀನಿ."

ನಾನು ಗೋಡೆಗೆ ಆತುಕೊಂಡು ಕೇಳಿದೆ. ಹದಿನೈದು ನಿಮಿಷದಲ್ಲಿ ನಾನು ಹುಡುಕಿ ಸಿಗದೆ ಹೋದದ್ದೆಲ್ಲ ಅಲ್ಲಿತ್ತು. ಉದ್ದುದ್ದ ಮಾತು ಅಷ್ಟೇ ಅಲ್ಲ. ಇಲ್ಲದ್ದನ್ನು ಇದೆಯೆಂದು ಕಲ್ಪಿಸಿಕೊಳ್ಳುವುದಿತ್ತು, ತನ್ನ ಭಯಕ್ಕೆ ಹೆಸರಿಟ್ಟು ಇನ್ನೊಬ್ಬರನ್ನು ಸಂತೈಸುವುದಿತ್ತು. ನಾಲ್ಕು ವರ್ಷದ ಮಗುವಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಾನು ಕಂಡಿಲ್ಲ.

ಎಳೆದ ಗೆರೆ ಅಳಿಸಲು "ನನ್ನಿಂದ ತಪ್ಪಾಗಿದೆ" ಎಂದು ಬರೆದು ಸಹಿ ಮಾಡಬೇಕು. ಆ ವರ್ಷ ಆಗಲೇ ಎರಡು ಸಲ ಬರೆದಿದ್ದೆ. ಮೂರನೆಯದನ್ನು ಬರೆದರೆ ವಿಚಾರಣೆ ಎದುರಿಸಬೇಕಿತ್ತು. ನಾನು ನೀರು ಕುಡಿದು ಒಳಗೆ ಹೋದೆ.

ಮೂರು ವರ್ಷದ ಮೇಲೆ ಶಿವಲೀಲಾ ಸಂತೆಯಲ್ಲಿ ಸಿಕ್ಕಳು. ಮಗಳು ಮನೆಗೆ ಬಂದಿದ್ದಳು. ಹೇಗಿದ್ದಾಳೆ ಎಂದೆ.

"ಕೇಳಿದ್ದಕ್ಕೆಲ್ಲಾ ಉತ್ತರ ಕೊಡ್ತಾಳ್ರಿ. ಹೆಸರು, ಊರು, ಎಲ್ಲಾ ಚಂದಂಗ ಹೇಳ್ತಾಳ," ಎಂದಳು. "ಹೊರಗ ಆಡಾಕ ಹೋಗು ಅಂದ್ರ, ಏನ್ ಆಡಬೇಕು ಅಂತ ನನ್ನ ಕೇಳ್ತಾಳ್ರಿ."

ಆಗಲಾದರೂ ಹೇಳಬಹುದಿತ್ತು. ಸೊಪ್ಪು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಕಳೆದ ವರ್ಷ ನಿವೃತ್ತಳಾದ ಮೇಲೆ ಅವರ ಮನೆಗೆ ಹೋದೆ. ಸುವ್ವಿಗೆ ಇಪ್ಪತ್ತು ವರ್ಷವಾಗಿತ್ತು. ನೀರಿನ ಕಚೇರಿಯಲ್ಲಿ ಜನರ ದೂರು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಗೆರೆದಿನದ ಸಂಗತಿ ತಿಳಿಸಿದೆ. ಸಿಟ್ಟು ಬರಲಿಲ್ಲ ಅವಳಿಗೆ.

"ನನಗ ಅದ್ಯಾವ್ದೂ ನೆನಪಿಲ್ರಿ," ಎಂದಳು. ಆಮೇಲೆ ಮೆಲ್ಲಗೆ, "ಆಗ ನಾ ಹೆಂಗಿದ್ನಿರಿ?" ಎಂದು ಕೇಳಿದಳು.

ಹಿತ್ತಲಲ್ಲಿ ಕಂಡದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದೆ. ಮೂಲೆಯಲ್ಲಿ ನೇಯುತ್ತಿದ್ದ ಶಿವಲೀಲಾಳ ಮಗ್ಗದ ಸದ್ದು ನಿಂತಿತು.

"ಅವತ್ತ ಯಾಕ ಹೇಳ್ಲಿಲ್ರಿ?" ಎಂದಳು ಶಿವಲೀಲಾ.

ನಾನು ಹೊರಡಲು ಎದ್ದೆ. ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ. ಬಾಗಿಲತನಕ ಕಳಿಸಲು ಮಗಳು ಮಾತ್ರ ಬಂದಳು. ಮರುದಿನವೇ ತಪ್ಪೊಪ್ಪಿಗೆ ಬರೆದು ಗೆರೆಯ ಕಚೇರಿಗೆ ಕೊಟ್ಟೆ. ಹದಿನೆಂಟು ದಾಟಿದವರ ಗೆರೆಯನ್ನು ತಿದ್ದಲು ಅವಕಾಶವಿಲ್ಲವೆಂದು ಉತ್ತರ ಬಂತು.

ಈಗ ಗೆರೆದಿನವನ್ನು ಮೂರನೇ ವರ್ಷಕ್ಕೇ ತರುವ ಮಾತು ನಡೆದಿದೆ. ಮುಂದಿನ ವಾರ ಅದರ ಬಗ್ಗೆ ನಡೆಯುವ ಸಭೆಯಲ್ಲಿ ಇದನ್ನೆಲ್ಲ ಎದ್ದು ಹೇಳುತ್ತೇನೆ. ಕೇಳುತ್ತಾರೆಂಬ ನಂಬಿಕೆ ಕಡಿಮೆ. ಅದಕ್ಕೇ ಗೆರೆ ಇನ್ನೂ ಹುಟ್ಟದ ನಿಮ್ಮ ಕಾಲಕ್ಕೆ ಬರೆಯುತ್ತಿದ್ದೇನೆ.

ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂಬ ಪಟ್ಟಿ ನಿಮ್ಮ ಗೋಡೆಯ ಮೇಲೂ ಇದೆಯೆಂದು ಓದಿದ್ದೇನೆ. ಆ ಪಟ್ಟಿ ಸುಳ್ಳಲ್ಲ. ನಿಜವಾಗಿಯೂ ನೆರವು ಬೇಕಾದ ಮಕ್ಕಳು ಅದರಿಂದಲೇ ಕಣ್ಣಿಗೆ ಬೀಳುತ್ತಾರೆ, ಅದನ್ನು ಹರಿದು ಹಾಕಬೇಡಿ. ಆದರೆ ಯಾವುದಾದರೂ ಮಗು ನಿಮ್ಮೆದುರು ಸುಮ್ಮನೆ ನಿಂತರೆ, ಆ ಕಾಲಂ ಖಾಲಿ ಬಿಟ್ಟು ಪೆನ್ನು ಒಳಗಿಡಿ. ಅಕ್ಕಿ ಆರಿಸುತ್ತ ನೆಲದ ಮೇಲೆ ಕೂತುಬಿಡಿ. ನೋಡುತ್ತಿದ್ದೀರೆಂದು ಅದಕ್ಕೆ ಗೊತ್ತಾಗದಿರಲಿ. ಕಿವಿ ಮಾತ್ರ ಆ ಕಡೆಗಿರಲಿ.

ಇಷ್ಟು ನಡೆಸಿಕೊಡಿ.

ನೀವು ಎಂದೂ ಕಾಣದ,
ನೀಲಾಂಬಿಕಾ